ಗಾಜಿನೊಳಗಿನ ಬರಹ

ಬರೆದುದನ್ನು ಉಳಿಸಿಕೊಳ್ಳುವ ಚಿಂತೆ ಬರಹದಷ್ಟೇ ಹಳೆಯದು. ಓಲೆಗರಿಗೆ ಹುಳುವಿನ ಭಯ, ಕಾಗದಕ್ಕೆ ತೇವದ ಭಯ. ಗಣಕಯಂತ್ರದ ಕಾಂತಪಟ್ಟಿಗಳಿಗೂ ಮುಪ್ಪು ತಪ್ಪಿದ್ದಲ್ಲ. ಅವುಗಳಲ್ಲಿನ ವಿಷಯವನ್ನು ಕೆಲವು ವರ್ಷಗಳಿಗೊಮ್ಮೆ ಹೊಸ ಪಟ್ಟಿಗಳಿಗೆ ಪ್ರತಿ ಮಾಡುತ್ತಲೇ ಇರಬೇಕು.

ಈ ಚಿಂತೆಗೆ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿರುವ ಮೈಕ್ರೋಸಾಫ್ಟ್ ಸಂಸ್ಥೆಯ ಸಂಶೋಧನಾಲಯ ಕಂಡುಕೊಂಡ ಉತ್ತರ ಗಾಜು. 'ಪ್ರಾಜೆಕ್ಟ್ ಸಿಲಿಕಾ' ಎಂಬುದು ಆ ಯೋಜನೆಯ ಹೆಸರು. ಸೆಕೆಂಡಿನ ಕೋಟಿಯಲ್ಲೊಂದು ಪಾಲಿಗಿಂತಲೂ ಬಹು ಕಿರಿದಾದ ಕಾಲ ಮಾತ್ರ ಮಿಂಚುವ ಲೇಸರ್ ಕಿರಣವು ಗಾಜಿನ ಒಡಲಲ್ಲಿ ಪದರ ಪದರವಾಗಿ ಸೂಕ್ಷ್ಮ ಗುರುತುಗಳನ್ನು ಮೂಡಿಸುತ್ತದೆ. ಅವು ಧ್ರುವೀಕೃತ ಬೆಳಕನ್ನು ಮಾರ್ಪಡಿಸುವ ಬಗೆಯನ್ನು ಸೂಕ್ಷ್ಮದರ್ಶಕ ಸೆರೆಹಿಡಿಯುತ್ತದೆ. ಗಣಕ ಅದರ ಅರ್ಥ ಬಿಡಿಸುತ್ತದೆ. 2019ರಲ್ಲಿ, 75 ಮಿಲಿಮೀಟರ್ ಚೌಕದ, 2 ಮಿಲಿಮೀಟರ್ ದಪ್ಪದ ಫಲಕವೊಂದರಲ್ಲಿ 1978ರ 'ಸೂಪರ್‌ಮ್ಯಾನ್' ಚಲನಚಿತ್ರವನ್ನು ಇಡಿಯಾಗಿ ಬರೆದು, ಮರಳಿ ಓದಿ ತೋರಿಸಿದರು. ಅಂಥ ಗಾಜನ್ನು ನೀರಿನಲ್ಲಿ ಕುದಿಸಿದರು, ಒಲೆಯಲ್ಲಿ ಕಾಯಿಸಿದರು, ಉಕ್ಕಿನ ನಾರಿನಿಂದ ಉಜ್ಜಿದರು, ಬರಹ ಅಳಿಯಲಿಲ್ಲ. ಒಮ್ಮೆ ಬರೆದುದನ್ನು ಅದರಲ್ಲಿ ತಿದ್ದಿ ಬರೆಯುವಂತೆಯೂ ಇಲ್ಲ.

ಹಸ್ತಪ್ರತಿಗಳಲ್ಲಿ ಲಿಪಿಕಾರರ ಕೈ ಬದಲಾದಂತೆಲ್ಲ ಪಾಠಾಂತರಗಳು ಹುಟ್ಟುವುದನ್ನು ಬಲ್ಲ ನನಗೆ, ಮೂಲವೇ ಉಳಿದು ಬರುವುದೆಂಬುದು ಸಣ್ಣ ಮಾತೆನಿಸುವುದಿಲ್ಲ. ಆದರೆ ಮೂಲ ಉಳಿದ ಮಾತ್ರಕ್ಕೆ ಅರ್ಥವೂ ಉಳಿದೀತೆಂದು ನಂಬುವಂತಿಲ್ಲ. ಲಿಪಿ ಬಲ್ಲವರಿಲ್ಲದಿದ್ದರೆ ಶಾಸನವೂ ಬರಿಯ ಕಲ್ಲು. ಹಿಂದಿನವರು ಪ್ರತಿ ಮಾಡುವ ನೆಪದಲ್ಲಿ ತಲೆಮಾರಿಗೊಮ್ಮೆಯಾದರೂ ಗ್ರಂಥವನ್ನು ಓದುತ್ತಿದ್ದರು. ಪ್ರತಿ ಮಾಡುವ ಶ್ರಮವನ್ನು ಗಾಜು ತಪ್ಪಿಸಬಹುದು. ಆದರೆ ಓದುವ ವಿದ್ಯೆಯನ್ನು ಮುಂದಿನವರಿಗೆ ಕಲಿಸುವ ಹೊಣೆ ನಮಗೆ ತಪ್ಪಿದ್ದಲ್ಲ.