ಬಿಚ್ಚಿ ಹೆಣೆಯುವ ಮಾತು

ಇಂಗ್ಲಿಷಿನ ‘ಸ್ಪ್ಲೈಸ್’ ಎಂಬ ಕ್ರಿಯಾಪದಕ್ಕೆ ‘ಜೋಡಿಸು’ ಎಂದು ಅರ್ಥ ಹೇಳಿ ಮುಂದೆ ಸಾಗುವುದು ಸುಲಭ. ಆ ಅರ್ಥ ತಪ್ಪಲ್ಲ. ಆದರೆ ಪದದ ಜೀವಾಳ ಅದರಲ್ಲಿ ಉಳಿಯುವುದಿಲ್ಲ. ರೂಪಸಾಮ್ಯಕ್ಕೆ ಮರುಳಾಗಿ ಅದನ್ನು ಹೋಳುಮಾಡು ಎಂಬ ಅರ್ಥದ ‘ಸ್ಲೈಸ್’ನೊಡನೆ ಬೆರೆಸುವ ವಿದ್ಯಾರ್ಥಿಗಳನ್ನೂ ಕಂಡಿದ್ದೇನೆ.

ಇದು ಮೂಲತಃ ನಾವಿಕರ ಮಾತು. ಹದಿನಾರನೆಯ ಶತಮಾನದಲ್ಲಿ ಡಚ್ ಭಾಷೆಯ ‘ಸ್ಪ್ಲಿಸೆನ್’ ಎಂಬುದರಿಂದ ಇಂಗ್ಲಿಷಿಗೆ ಬಂದಿತು. ಸೀಳು ಎಂಬ ಅರ್ಥದ ‘ಸ್ಪ್ಲಿಟ್’ಗೂ ಇದಕ್ಕೂ ನಂಟಿರಬಹುದೆಂದು ನಿಘಂಟುಕಾರರು ಊಹಿಸುತ್ತಾರೆ. ಕೂಡಿಸುವ ಪದಕ್ಕೆ ಸೀಳುವ ಪದ ಬಂಧುವಾದುದು ಹೇಗೆ? ಉತ್ತರ ಹಗ್ಗದಲ್ಲಿಯೇ ಇದೆ. ಎರಡು ಹಗ್ಗಗಳನ್ನು ಗಂಟಿಲ್ಲದೆ ಸೇರಿಸಬೇಕಾದರೆ ಮೊದಲು ಎರಡರ ತುದಿಯ ಹುರಿಯನ್ನೂ ಬಿಚ್ಚಬೇಕು. ಬಿಡಿಯಾದ ಎಳೆಗಳನ್ನು ಎದುರುಬದುರಾಗಿಟ್ಟು, ಒಂದರ ಎಳೆಯನ್ನು ಮತ್ತೊಂದರ ಒಂದು ಎಳೆಯ ಮೇಲೆ ಹಾಯಿಸಿ, ಮುಂದಿನ ಎಳೆಯ ಅಡಿಯಲ್ಲಿ ತೂರಿಸಿ ಬಿಗಿಯಬೇಕು. ಗಂಟು ರಾಟೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಹಗ್ಗದ ಬಲವನ್ನೂ ಕುಗ್ಗಿಸುತ್ತದೆ. ಈ ಹೆಣಿಗೆಯಲ್ಲಿ ಆ ದೋಷಗಳು ಬಹಳ ಕಡಿಮೆ.

ಹಡಗಿನಿಂದ ಇಳಿದ ಪದ ಬಹುದೂರ ನಡೆಯಿತು. ಹದಿನೆಂಟನೆಯ ಶತಮಾನದಲ್ಲಿ ವಿನೋದದ ಮಾತಿನಲ್ಲಿ ಮದುವೆಯಾಗುವುದಕ್ಕೂ ಇದೇ ಪದವಾಯಿತು. ಕ್ರಿಕೆಟ್ ಬ್ಯಾಟಿನಲ್ಲಿ ಹಿಡಿ ಹಲಗೆಯೊಳಗೆ ಕೂಡಿಕೊಳ್ಳುವ ಜಾಗಕ್ಕೆ ಇದೇ ಹೆಸರು. ಚಲನಚಿತ್ರದ ಸುರುಳಿಯನ್ನು ಕತ್ತರಿಸಿ ಕೂಡಿಸುವವರೂ ಇದನ್ನು ಬಳಸಿದರು. ಜೀವಕೋಶದಲ್ಲಿ ಆರ್‌ಎನ್‌ಎ ಎಳೆಯ ನಡುವಣ ಕೆಲವು ಭಾಗಗಳು ಕಳಚಿಹೋಗಿ ಉಳಿದವು ಕೂಡಿಕೊಳ್ಳುವುದು 1977ರಲ್ಲಿ ಬೆಳಕಿಗೆ ಬಂದಾಗ ವಿಜ್ಞಾನಿಗಳಿಗೂ ಈ ಪದವೇ ಒದಗಿತು. ಆ ಶೋಧಕ್ಕಾಗಿ ರಿಚರ್ಡ್ ರಾಬರ್ಟ್ಸ್ ಮತ್ತು ಫಿಲಿಪ್ ಶಾರ್ಪ್ ಅವರಿಗೆ 1993ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಕನ್ನಡದಲ್ಲಿ ಇದಕ್ಕೆ ಸಮವಾದುದೇನು? ನಾರನ್ನು ತಿರುಚಿ ಹುರಿಮಾಡುವುದಕ್ಕೆ ‘ಹೊಸೆ’ ಇದೆ. ಜಡೆಗೂ ಬುಟ್ಟಿಗೂ ‘ಹೆಣೆ’ ಇದೆ, ಹಳಗನ್ನಡದ ‘ಪೆಣೆ’. ಲೋಹಕ್ಕೆ ‘ಬೆಸೆ’ ಇದೆ. ಮೊದಲೆರಡರಲ್ಲಿ ಎಳೆಗಳುಂಟು, ಬಿಚ್ಚುವ ಕೆಲಸವಿಲ್ಲ. ಮೂರನೆಯದರಲ್ಲಿ ಎಳೆಗಳೇ ಇಲ್ಲ. ಆದುದರಿಂದ ಎಲ್ಲೆಡೆಯೂ ಒಂದೇ ಪದವನ್ನು ಹೇರುವುದು ಸಲ್ಲದೆಂದು ನನ್ನ ಭಾವನೆ. ಹಗ್ಗವಾದರೆ ‘ಬಿಚ್ಚಿ ಹೆಣೆ’ ಎನ್ನೋಣ. ಚಿತ್ರಸುರುಳಿಯಾದರೆ ‘ಕತ್ತರಿಸಿ ಕೂಡಿಸು’ ಎನ್ನೋಣ. ಎರಡು ಪದ ವ್ಯಯವಾದರೂ ಚಿಂತೆಯಿಲ್ಲ. ಕೂಡುವುದಕ್ಕೆ ಮುನ್ನ ಎರಡೂ ತುದಿಗಳು ತಮ್ಮ ಬಿಗಿಯನ್ನು ಸಡಿಲಿಸಬೇಕೆಂಬ ಮೂಲದ ಅರಿವು ಅನುವಾದದಲ್ಲಿ ಕಳೆದುಹೋಗಬಾರದು.