ಪವಿತ್ರ ವಾರದ ಬಾಣಲೆ: ಸ್ಪೇನಿನ ಕರಿದ ಸಿಹಿಗಳು

ಈಸ್ಟರ್ ಹಬ್ಬಕ್ಕೆ ಮುಂಚಿನ ವಾರವನ್ನು ಸ್ಪೇನಿನವರು ‘ಸೆಮಾನಾ ಸಾಂತಾ’, ಅಂದರೆ ಪವಿತ್ರ ವಾರ, ಎನ್ನುತ್ತಾರೆ. ಯೇಸುವಿನ ಶಿಲುಬೆ ಮರಣವನ್ನು ನೆನೆಯುವ ಶೋಕದ ದಿನಗಳಿವು. ಸೆವಿಲ್, ಮಾಲಗಾದಂಥ ಊರುಗಳಲ್ಲಿ ಮುಖ ಮುಚ್ಚುವ ಮೊನಚು ಕುಲಾವಿ ತೊಟ್ಟ ಭಕ್ತರ ಮೆರವಣಿಗೆ ನಡುರಾತ್ರಿ ದಾಟಿದರೂ ಮುಗಿಯುವುದಿಲ್ಲ. ಇದೇ ವಾರ ಮನೆಮನೆಯ ಅಡುಗೆಮನೆಯಲ್ಲಿ ಎಣ್ಣೆ ಕಾಯುತ್ತಿರುತ್ತದೆ. ಜೇನು, ಸಕ್ಕರೆ, ದಾಲ್ಚಿನ್ನಿ ಹಚ್ಚಿದ ಕರಿದ ತಿಂಡಿಗಳಿಲ್ಲದೆ ಅಲ್ಲಿ ಈ ಶೋಕಾಚರಣೆ ನಡೆಯುವುದೇ ಇಲ್ಲ.

ಇದು ವಿಚಿತ್ರವೆನಿಸಿದರೂ ಕಾರಣ ಉಪವಾಸದ ಕಟ್ಟಳೆಯಲ್ಲೇ ಇದೆ. ಬೂದಿ ಬುಧವಾರದಿಂದ ಈಸ್ಟರ್‌ವರೆಗಿನ ತಪಸ್ಸುಕಾಲದಲ್ಲಿ ಹಿಂದೆ ಮಾಂಸ ನಿಷಿದ್ಧವಾಗಿತ್ತು. ಕ್ರಿಸ್‌ಮಸ್ಸಿನ ಮಾಂತೆಕಾದೊದಂಥ ಸಿಹಿಗಳಿಗೆ ಬೇಕಾಗುವ ಹಂದಿಯ ಕೊಬ್ಬೂ ಅದರ ಜತೆಗೇ ದೂರವಾಗುತ್ತಿತ್ತು. ಉಳಿದದ್ದು ಆಲಿವ್ ಎಣ್ಣೆ. ದಕ್ಷಿಣದ ಆಂದಲೂಸಿಯಾದಲ್ಲಂತೂ ಅದಕ್ಕೆ ಬರವಿರಲಿಲ್ಲ. ಮೊಟ್ಟೆ, ಹಾಲಿಗೂ ಮೊದಲು ನಿಷೇಧವಿತ್ತು. ಆದರೆ ‘ಬೂಲಾ ದೆ ಲಾ ಕ್ರುಸಾದಾ’ ಎಂಬ ಪೋಪರ ಅಪ್ಪಣೆಪತ್ರವನ್ನು ದುಡ್ಡು ಕೊಟ್ಟು ಕೊಂಡ ಸ್ಪೇನಿನವರಿಗೆ ಅದರಿಂದ ವಿನಾಯಿತಿ ಸಿಗುತ್ತಿತ್ತು. ಊಟ ಸಪ್ಪೆಯಾದಾಗ ಹೊಟ್ಟೆ ತುಂಬಿಸಲು ಹಿಟ್ಟು, ಬ್ರೆಡ್ಡು, ಎಣ್ಣೆ, ಜೇನು ಒಂದಾದವು. ಉಪವಾಸದ ಹೆಸರಿನಲ್ಲಿ ಇಷ್ಟು ರುಚಿ ಕಂಡುಕೊಂಡವರ ಜಾಣತನವನ್ನು ಮೆಚ್ಚಲೇಬೇಕು.

ಈ ಸಿಹಿಗಳ ಪೈಕಿ ಪಟ್ಟ ಸಲ್ಲುವುದು ‘ತೊರ್ರಿಹಾ’ಗೆ. ಒಂದೆರಡು ದಿನ ಹಳತಾದ ಬ್ರೆಡ್ಡನ್ನು ಎರಡು ಬೆರಳು ದಪ್ಪಕ್ಕೆ ಕೊಯ್ಯುತ್ತಾರೆ. ಹೊಸ ಬ್ರೆಡ್ಡಾದರೆ ನೆನೆದ ಕೂಡಲೇ ಕುಸಿಯುತ್ತದೆ. ದಾಲ್ಚಿನ್ನಿ ಚಕ್ಕೆ, ನಿಂಬೆ ಸಿಪ್ಪೆ, ಸಕ್ಕರೆ ಹಾಕಿ ಕಾಯಿಸಿದ ಹಾಲನ್ನು ಸ್ವಲ್ಪ ಆರಿಸಿ ಮೇಲೆ ಸುರಿದು, ಹಾಲು ಒಳಗಿನವರೆಗೆ ಇಳಿಯುವ ತನಕ ಬಿಡುತ್ತಾರೆ. ನಮ್ಮ ಬಾಂಬೆ ಟೋಸ್ಟಿನಲ್ಲಿ ಹಾಲು, ಮೊಟ್ಟೆ ಒಟ್ಟಿಗೆ ಕದಡಿದರೆ, ಇಲ್ಲಿ ಅವೆರಡೂ ಬೇರೆ ಬೇರೆ. ಹಾಲು ಕುಡಿದ ಹೋಳನ್ನು ಆಮೇಲೆ ಕದಡಿದ ಮೊಟ್ಟೆಯಲ್ಲಿ ಅದ್ದಿ ಎಣ್ಣೆಗೆ ಬಿಡುತ್ತಾರೆ. ಮೊಟ್ಟೆ ತಕ್ಷಣ ಗಟ್ಟಿಯಾಗಿ ಹೊರಪದರ ಕಟ್ಟುವುದರಿಂದ ಹಾಲು ಒಳಗೇ ಉಳಿಯುತ್ತದೆ. ಹೊರಗೆ ಕೆಂಪಗೆ ಬೆಂದಿದ್ದರೂ ನಡುವೆ ಪಾಯಸದ ಮೆದು. ಕೊನೆಗೆ ಸಕ್ಕರೆ-ದಾಲ್ಚಿನ್ನಿ ಪುಡಿಯಲ್ಲಿ ಹೊರಳಿಸುವುದು ಒಂದು ಪದ್ಧತಿ, ಜೇನಿನ ಪಾಕದಲ್ಲಿ ಅದ್ದುವುದು ಇನ್ನೊಂದು. ಹಾಲಿನ ಬದಲು ವೈನಿನಲ್ಲಿ ನೆನೆಸುವವರೂ ಇದ್ದಾರೆ.

ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ, ಕರಿದು, ಜೇನು ಸುರಿಯುವ ಕ್ರಮ ರೋಮನ್ನರ ಕಾಲದ್ದು. ಅಪಿಸಿಯಸ್ ಹೆಸರಿನ ಲ್ಯಾಟಿನ್ ಪಾಕಗ್ರಂಥದಲ್ಲೇ ಅದು ಬರುತ್ತದೆ. ಸ್ಪೇನಿನಲ್ಲಿ ತೊರ್ರಿಹಾ ಮೊದಲು ಬಾಣಂತಿಯರ ತಿಂಡಿಯಾಗಿತ್ತು. 15ನೇ ಶತಮಾನದ ಕೊನೆಯ ಭಾಗದ ಕವಿ ಹುವಾನ್ ದೆಲ್ ಎನ್ಸಿನಾ ಅದನ್ನು ಹೆಸರಿಸುವುದು ಹೆರಿಗೆಯ ಸಂದರ್ಭದಲ್ಲೇ. 1607ರಲ್ಲಿ ಬಂದ ದೊಮಿಂಗೊ ಎರ್ನಾಂದೆಸ್ ದೆ ಮಾಸೆರಾಸ್‌ನ ಪಾಕಪುಸ್ತಕದಲ್ಲಿ ಅದರ ವಿಧಾನವಿದೆ. ಪವಿತ್ರ ವಾರಕ್ಕೆ ಅದು ಅಂಟಿಕೊಂಡದ್ದು ಆಮೇಲೆ.

ಆಂದಲೂಸಿಯಾದವರು ಹೆಮ್ಮೆಪಡುವುದು ‘ಪೆಸ್ತಿನ್ಯೊ’ ಬಗ್ಗೆ. ಆಲಿವ್ ಎಣ್ಣೆಯಲ್ಲಿ ಆನಿಸ್ ಕಾಳು, ಕಿತ್ತಳೆ ಸಿಪ್ಪೆ ಹಾಕಿ ಘಮ ಬರಿಸಿ, ಆ ಎಣ್ಣೆಗೆ ಬಿಳಿ ವೈನ್ ಸೇರಿಸಿ, ಎಳ್ಳು ಬೆರೆಸಿದ ಹಿಟ್ಟನ್ನು ಕಲಸುತ್ತಾರೆ. ತೆಳ್ಳಗೆ ಲಟ್ಟಿಸಿ, ಚೌಕವಾಗಿ ಕತ್ತರಿಸಿ, ಎದುರುಬದುರು ಮೂಲೆಗಳನ್ನು ನಡುವೆ ತಂದು ಬೆರಳಲ್ಲಿ ಒತ್ತಿ ಕರಿಯುತ್ತಾರೆ. ನಂತರ ತುಸು ನೀರು ಬೆರೆಸಿ ಬಿಸಿ ಮಾಡಿದ ಜೇನಿನಲ್ಲಿ ಅದ್ದುತ್ತಾರೆ. ಜಲಸಂಧಿಯಾಚೆಯ ಮೊರಾಕ್ಕೊದ ಮುಸ್ಲಿಮರು ರಂಜಾನ್‌ಗೆ ಮಾಡುವ ಶೆಬ್ಬಾಕಿಯಾದಲ್ಲೂ ಎಳ್ಳು, ಆನಿಸ್, ಜೇನು ಇವೆ. ಅಲ್ಲೂ ಅದು ಉಪವಾಸದ ತಿಂಗಳ ಸಿಹಿ. 1528ರ ‘ಲಾ ಲೊಸಾನಾ ಆಂದಲೂಸಾ’ ಎಂಬ ಕೃತಿಯಲ್ಲಿ ಪೆಸ್ತಿನ್ಯೊ ಹೆಸರು ಬರುತ್ತದೆ.

ಕತಲೂನ್ಯಾದಲ್ಲಿ ತಪಸ್ಸುಕಾಲದ ಬುಧವಾರ, ಶುಕ್ರವಾರಗಳಂದು ಉಬ್ಬಿದ ಹಿಟ್ಟಿನ ‘ಬುನ್ಯೋಲ್’ ಕರಿಯುವ ರೂಢಿಯಿದೆ. ಉತ್ತರದಲ್ಲಿ ಗಟ್ಟಿಯಾಗಿ ಕಾಯಿಸಿದ ಹಾಲು-ಹಿಟ್ಟನ್ನು ತಣಿಸಿ, ಕತ್ತರಿಸಿ ಕರಿದ ‘ಲೆಚೆ ಫ್ರೀತಾ’ ಹೆಚ್ಚು.

ಈ ತಿಂಡಿಗಳಲ್ಲಿ ಹಲವನ್ನು ಕನ್ಯಾಸ್ತ್ರೀಯರ ಮಠಗಳೂ ಮಾರುತ್ತವೆ. ಲೋಕದ ಕಣ್ಣಿಗೆ ಬೀಳದೆ ಬದುಕುವ ಆ ಸೋದರಿಯರು ಗೋಡೆಯಲ್ಲಿ ಕೂರಿಸಿದ ತಿರುಗುವ ಮರದ ಗೂಡಿನ ಮೂಲಕ ವ್ಯಾಪಾರ ಮಾಡುತ್ತಾರೆ. ಬಂದವರು ಗಂಟೆ ಬಾರಿಸಿ, ‘ಆವೆ ಮರಿಯಾ ಪುರೀಸಿಮಾ’ ಎಂದು ವಂದಿಸಿ, ಬೇಕಾದ್ದು ಹೇಳಿ ಗೂಡಿನಲ್ಲಿ ಹಣವಿಡಬೇಕು. ಗೂಡು ತಿರುಗಿ ಬಂದಾಗ ಅದರಲ್ಲಿ ಸಿಹಿಯ ಪೊಟ್ಟಣವಿರುತ್ತದೆ.

ಈಸ್ಟರ್ ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಬರುತ್ತದೆ. ಅದಕ್ಕೆ ಕೆಲವು ವಾರ ಮುಂಚೆಯೇ ಬೇಕರಿಗಳಲ್ಲಿ ತೊರ್ರಿಹಾ ಕಾಣಸಿಗುತ್ತದೆ. ಆ ದಿನಗಳಲ್ಲಿ ಸ್ಪೇನಿಗೆ ಹೋಗುವವರು ತೊರ್ರಿಹಾವನ್ನು ಅಲ್ಲೇ ತಿಂದು ಮುಗಿಸುವುದು ಒಳ್ಳೆಯದು, ಮರುದಿನಕ್ಕಾಗಲೇ ಅದು ಸೊರಗುತ್ತದೆ. ಡಬ್ಬಿಯಲ್ಲಿ ತುಂಬಿ ಊರಿಗೆ ತರಲು ಬರುವುದು ಪೆಸ್ತಿನ್ಯೊ ಮಾತ್ರ.