ಅಣ್ಣನ ಕಣ್ಣೂ ಆ ಬಿಳಿ ಇಲಿಗಳೂ

ಮೊದಲು ನಾವೆಲ್ಲ ಅದನ್ನು ಮದ್ರಾಸ್ ಐ ಅಂತಲೇ ತಿಳಿದಿದ್ದೆವು. ಅಣ್ಣನ ಕಣ್ಣು ಕೆಂಪಗಾಗಿತ್ತು. ಗೀಜು ಕಟ್ಟುತ್ತಿರಲಿಲ್ಲ, ಬೆಳಕು ಬಿದ್ದರೆ ಮಾತ್ರ ನೋವು. ಅಜ್ಜಿ ಹರಳೆಣ್ಣೆ ಹಚ್ಚಿದರು. ಅಂಗಡಿಯಿಂದ ತಂದ ಡ್ರಾಪ್ಸ್ ಹಾಕಿದರೆ ಕೆಂಪು ಇಳಿಯುತ್ತಿತ್ತು, ಬಿಟ್ಟರೆ ಮತ್ತೆ ಬರುತ್ತಿತ್ತು. ಮೂರನೇ ವಾರ ಹುಳುಮನೆಯಲ್ಲಿ ಸೊಪ್ಪು ಹಾಕುತ್ತಿದ್ದವನು ‘ಹುಳ ಮಸುಕಾಗಿ ಕಾಣ್ತಿದೆ ಕಣೋ’ ಅಂದ. ಮರುದಿನವೇ ವೇಮಗಲ್‌ನಿಂದ ಬೆಂಗಳೂರಿನ ಬಸ್ ಹತ್ತಿದೆವು.

ಕ್ಷಯ ಇದೆಯೇ ಎಂದು ಎಕ್ಸ್‌ರೇ, ರಕ್ತ ಎಲ್ಲ ನೋಡಿದ ವೈದ್ಯೆ, ಇದು ಯೂವಿಯೈಟಿಸ್, ಸೋಂಕಲ್ಲ ಎಂದರು. ದೇಹದ ರಕ್ಷಣಾ ಪಡೆಯೇ ಕಣ್ಣಿನ ಮೇಲೆ ತಿರುಗಿಬಿದ್ದಿತ್ತು. ಮೊದಲು ಸ್ಟಿರಾಯ್ಡ್ ಕೊಟ್ಟರು, ಅಣ್ಣನ ಮುಖ ಕುಂಬಳಕಾಯಿಯಾಯಿತು. ಆಮೇಲೆ ಸೈಕ್ಲೋಸ್ಪೊರಿನ್.

ಪ್ರಾಣಿಶಾಸ್ತ್ರದ ವಿದ್ಯಾರ್ಥಿಯಾದ ನಾನು ಆ ಮಾತ್ರೆಯ ಜಾತಕ ಹುಡುಕಿದೆ. ಹಸುವಿನ ಅಕ್ಷಿಪಟಲದಿಂದ ‘ಎಸ್-ಆಂಟಿಜನ್’ ಎಂಬ ಪ್ರೋಟೀನ್ ತೆಗೆದು, ಸತ್ತ ಕ್ಷಯಾಣು ಬೆರೆಸಿದ ಎಣ್ಣೆಯೊಂದಿಗೆ ಲೂಯಿಸ್ ತಳಿಯ ಇಲಿಗೆ ಚುಚ್ಚುತ್ತಾರೆ. ಸೂಜಿ ಕಣ್ಣಿನ ಹತ್ತಿರವೂ ಹೋಗುವುದಿಲ್ಲ. ಆದರೂ ಸುಮಾರು ಎರಡು ವಾರದಲ್ಲಿ ಎರಡೂ ಕಣ್ಣು ಉರಿಯೂತದಿಂದ ಮಂಜಾಗುತ್ತವೆ. ಅಮೆರಿಕದ ರಾಷ್ಟ್ರೀಯ ನೇತ್ರ ಸಂಸ್ಥೆಯ ರಾಬರ್ಟ್ ನುಸೆನ್‌ಬ್ಲಾಟ್ ತಂಡ 1981ರಲ್ಲಿ ಇಂಥ ಇಲಿಗಳಿಗೆ ಸೈಕ್ಲೋಸ್ಪೊರಿನ್ ಕೊಟ್ಟಾಗ ರೋಗ ತಡೆಯಿತು. 1983ರ ಹೊತ್ತಿಗೆ ಅದೇ ತಂಡ ರೋಗಿಗಳ ಮೇಲಿನ ಫಲಿತಾಂಶವನ್ನೂ ಪ್ರಕಟಿಸಿತ್ತು.

ಆದರೆ ಇಲಿ ಅಣ್ಣನಲ್ಲ. ಅದಕ್ಕೆ ಒಮ್ಮೆ ಬಂದ ಉರಿಯೂತ ಕೆಲವು ವಾರದಲ್ಲಿ ತಣಿಯುತ್ತದೆ, ಅಣ್ಣನಿಗೆ ಮರುಕಳಿಸುತ್ತದೆ. ಆ ವಿಷಯದಲ್ಲಿ ಅವನಿಗೆ ಹತ್ತಿರದ ನಂಟ ಕುದುರೆ. ಕುದುರೆಗಳಿಗೆ ಇದು ತಾನಾಗಿಯೇ ಬಂದು ಹೋಗಿ ಬಂದು ಕುರುಡಾಗಿಸುತ್ತದೆ. ಹಿಂದಿನವರು ಚಂದ್ರನ ಪ್ರಭಾವ ಎಂದುಕೊಂಡು ಚಂದ್ರಗುರುಡು ಎನ್ನುತ್ತಿದ್ದರಂತೆ. ರೇಚಲ್ ಕ್ಯಾಸ್ಪಿ ತಂಡ ಚುಚ್ಚುಮದ್ದಿಲ್ಲದೆ ತಾನಾಗಿಯೇ ರೋಗ ಬರುವ ಸುಂಡಿಲಿಗಳನ್ನು ಬೆಳೆಸಿತು. ಆಂಟಿಬಯಾಟಿಕ್ ಕೊಟ್ಟು ಅವುಗಳ ಕರುಳಿನ ಬ್ಯಾಕ್ಟೀರಿಯಾ ತಗ್ಗಿಸಿದಾಗ ಕಣ್ಣಿನ ರೋಗವೂ ತಗ್ಗಿತೆಂದು 2015ರಲ್ಲಿ ಬರೆಯಿತು. ಇದನ್ನು ಓದಿ ಯಾರೂ ಆಂಟಿಬಯಾಟಿಕ್ ನುಂಗಬೇಡಿ ಮತ್ತೆ! ಅದು ಇಲಿಯ ಮಾತು.

ಮೊನ್ನೆ ಚಂದ್ರಂಕಿಯಿಂದ ಗೂಡು ಬಿಡಿಸುತ್ತಾ ಅಣ್ಣನಿಗೆ ಇದನ್ನೆಲ್ಲ ಹೇಳಿದೆ. ‘ಆ ಇಲಿಗಳು ಏನಾದವು?’ ಎಂದ. ಕೊಂದು, ಕಣ್ಣು ತೆಗೆದು, ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ ಎಂದೆ. ಬಿಸಿನೀರಿಗೆ ಹೋಗುವ ಗೂಡು ಮಾರಿಯೇ ಓದಿದ ನನಗೆ ಅಸಹ್ಯಪಡುವ ಹಕ್ಕಿಲ್ಲ, ಆದರೂ ಹೇಳುವಾಗ ಗಂಟಲು ಕಟ್ಟಿತು. ಅಣ್ಣ ಏನೂ ಅನ್ನಲಿಲ್ಲ. ಗೂಡಿನ ಮೇಲಿನ ಸಣ್ಣ ಕಲೆಯನ್ನೂ ಗುರುತಿಸಿ ಬೇರೆ ಬುಟ್ಟಿಗೆ ಹಾಕುತ್ತಿದ್ದ.